ವಿಜ್ಞಾನದ ಮೇಷ್ಟ್ರಿಗೆ ಅಧ್ಯಕ್ಷರ ಪ್ರಶಸ್ತಿ

ಅಮೆರಿಕದ ಶಾಲೆಗಳಲ್ಲಿ ಗಣಿತ, ವಿಜ್ಞಾನ ಕಲಿಸುವವರಿಗೆ ಸರ್ಕಾರದಿಂದ ಸಲ್ಲುವ ಅತಿ ದೊಡ್ಡ ಗೌರವ ಅಧ್ಯಕ್ಷರ ಬೋಧನಾ ಪ್ರಶಸ್ತಿ. ಅಲ್ಲಿನ ಸಂಸತ್ತು ಇದನ್ನು ಸ್ಥಾಪಿಸಿದ್ದು 1983ರಲ್ಲಿ. ದೇಶದ ಶಿಕ್ಷಣದ ಮಟ್ಟ ಕುಸಿಯುತ್ತಿದೆಯೆಂದು ‘ಎ ನೇಷನ್ ಅಟ್ ರಿಸ್ಕ್’ ವರದಿ ಎಚ್ಚರಿಸಿದ್ದೂ ಅದೇ ವರ್ಷ. ಶ್ವೇತಭವನದ ಪರವಾಗಿ ನ್ಯಾಷನಲ್ ಸೈನ್ಸ್ ಫೌಂಡೇಶನ್ ಇದರ ಆಡಳಿತ ನೋಡಿಕೊಳ್ಳುತ್ತದೆ. ಒಂದು ವರ್ಷ ಆರನೇ ತರಗತಿಯವರೆಗಿನ ಶಿಕ್ಷಕರ ಸರದಿಯಾದರೆ, ಮರುವರ್ಷ ಏಳರಿಂದ ಹನ್ನೆರಡನೇ ತರಗತಿಯವರದು. ಹೈಸ್ಕೂಲಿನ ವಿಜ್ಞಾನ ಶಿಕ್ಷಕರು ಬರುವುದು ಈ ಎರಡನೆಯ ಗುಂಪಿನಲ್ಲಿ. ವರ್ಷಕ್ಕೆ ಹೆಚ್ಚೆಂದರೆ 108 ಪ್ರಶಸ್ತಿ. ಪಡೆದವರಿಗೆ 10,000 ಡಾಲರ್, ಅಧ್ಯಕ್ಷರ ಸಹಿಯಿರುವ ಪ್ರಮಾಣಪತ್ರ, ವಾಷಿಂಗ್ಟನ್ನಿಗೆ ಪ್ರಯಾಣ.

ಹಣಕ್ಕಿಂತ ಗಮನಿಸಬೇಕಾದದ್ದು ಆಯ್ಕೆಯ ಕ್ರಮ. ಶಿಕ್ಷಕರು ತಮ್ಮ ಒಂದು ಪಾಠದ ವಿಡಿಯೊ ಕಳಿಸಬೇಕು. ಅದು ಅರ್ಧ ಗಂಟೆ ಮೀರಬಾರದು, ಎಲ್ಲಿಯೂ ಕತ್ತರಿ ಬಿದ್ದಿರಬಾರದು. ಹುಡುಗನೊಬ್ಬನ ತಪ್ಪು ಉತ್ತರ, ಕೈಕೊಟ್ಟ ಪ್ರಯೋಗ, ಪ್ರಶ್ನೆ ಕೇಳಿ ಸುಮ್ಮನೆ ಕಾದ ಗಳಿಗೆ, ಎಲ್ಲವೂ ಹಾಗೆಯೇ ಉಳಿಯುತ್ತವೆ. ಜೊತೆಗೆ ಬರವಣಿಗೆಯೂ ಬೇಕು: ಈ ಪಾಠವನ್ನು ಹೀಗೇಕೆ ಮಾಡಿದ್ದು, ಮಕ್ಕಳಿಗೆ ತಿಳಿಯಿತೆಂದು ಗೊತ್ತಾದದ್ದು ಹೇಗೆ, ಮುಂದಿನ ಸಲ ಏನು ಬದಲಾಗಬೇಕು. ರಾಜ್ಯ ಸಮಿತಿ ಮೊದಲು ಜರಡಿ ಹಿಡಿಯುತ್ತದೆ, ಅಂತಿಮ ಪರಿಶೀಲನೆ ರಾಷ್ಟ್ರಮಟ್ಟದ್ದು. ಎಸ್ಸೆಸ್ಸೆಲ್ಸಿ ಫಲಿತಾಂಶದಿಂದಲೇ ಮೇಷ್ಟ್ರನ್ನು ಅಳೆಯುವ ರೂಢಿಯಿರುವವರಿಗೆ ಇದು ಹೊಸತೆನಿಸೀತು. ತರಗತಿಯೊಳಗೆ ನಡೆಯುವುದನ್ನು ಕಣ್ಣಾರೆ ಕಂಡು ತೀರ್ಮಾನಿಸುವ ಈ ಕ್ರಮವೇ ಹೆಚ್ಚು ನ್ಯಾಯದ್ದು.

ಭಾರತದಲ್ಲಿ ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ 1958ರಿಂದ ಇದೆ. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ್ದ ರಾಧಾಕೃಷ್ಣನ್ ಅವರ ಜನ್ಮದಿನವಾದ ಸೆಪ್ಟೆಂಬರ್ 5ರಂದು ಅದರ ಪ್ರದಾನ. ಆದರೆ ಅದು ಎಲ್ಲ ವಿಷಯಗಳ ಶಿಕ್ಷಕರಿಗೂ ಸೇರಿದ್ದು, ವಿಜ್ಞಾನಕ್ಕೆಂದು ಮೀಸಲಲ್ಲ. 2018ರಿಂದ ಶಿಕ್ಷಕರು ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳಲು ಅವಕಾಶವಾಗಿದೆ. ಅದಕ್ಕೆ ಮುಂಚೆ ಇಲಾಖೆಯ ಮರ್ಜಿ ಕಾಯಬೇಕಿತ್ತು.

ಅಮೆರಿಕದ ಪ್ರಶಸ್ತಿಗೂ ಕುಂದುಗಳುಂಟು. ಕೆಲವು ಸಲ ಹೆಸರುಗಳ ಘೋಷಣೆಯೇ ವರ್ಷಗಟ್ಟಲೆ ತಡವಾಗಿದೆ. ಅರ್ಜಿ ತುಂಬುವ ದುಡಿಮೆಯೂ ಕಡಿಮೆಯದಲ್ಲ. ಶಿಕ್ಷಕರಿಗೆ ಕನಿಷ್ಠ ಐದು ವರ್ಷದ ಅನುಭವ ಬೇಕು, ಪೌರತ್ವ ಅಥವಾ ಕಾಯಂ ವಾಸದ ಹಕ್ಕು ಇರಬೇಕು.

ಅಮೆರಿಕದ ಕನ್ನಡ ಕುಟುಂಬಗಳಿಗೆ ಸಂಬಂಧಿಸಿದ ನಿಯಮವೊಂದಿದೆ. ಶಿಕ್ಷಕರ ಹೆಸರನ್ನು ಮುಖ್ಯೋಪಾಧ್ಯಾಯರೇ ಕೊಡಬೇಕೆಂದಿಲ್ಲ. ಪಾಲಕರು, ವಿದ್ಯಾರ್ಥಿಗಳು, ಸಾರ್ವಜನಿಕರು ಯಾರು ಬೇಕಾದರೂ ಸೂಚಿಸಬಹುದು. ವಿಜ್ಞಾನ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳನ್ನು ಕನ್ನಡ ಕೂಟದ ವೇದಿಕೆಗೆ ಕರೆದು ಸನ್ಮಾನಿಸುವುದು ವಾಡಿಕೆ, ಕಲಿಸಿದವರ ಹೆಸರು ಅಲ್ಲಿ ಕೇಳಿಬರುವುದು ಅಪರೂಪ. ಅಂಥವರನ್ನು ಗುರುತಿಸಲು ಇದೊಂದು ದಾರಿ. ಹೆಸರು ಸೂಚಿಸಿದವರ ಪಾತ್ರ ಅಷ್ಟಕ್ಕೇ ಮುಗಿಯುತ್ತದೆ, ಅರ್ಜಿ ಪೂರ್ಣಗೊಳಿಸುವ ಹೊಣೆ ಶಿಕ್ಷಕರದೇ.