ಬೆನ್ನಿನ ಸ್ಕ್ರೂವಿಗೆ ಹಣ ಯಾರ ಗಂಟಿನಿಂದ?



ನೀರಿನ ಡಬ್ಬ ಹೊತ್ತು ಮೆಟ್ಟಿಲಲ್ಲಿ ಜಾರಿದವನ ಬೆನ್ನೆಲುಬು ಮುರಿದರೆ, ಅಥವಾ ಗಾಳಿಯಿಲ್ಲದ ಅಟ್ಟದಲ್ಲಿ ಹತ್ತು ಮಂದಿಯ ನಡುವೆ ಮಲಗಿದವನಿಗೆ ಅಂಟಿದ ಕ್ಷಯ ಬೆನ್ನೆಲುಬನ್ನೇ ತಿಂದರೆ, ಡಾಕ್ಟರರು ಕೆಟ್ಟ ಜಾಗದ ಮೇಲಿನ, ಕೆಳಗಿನ ಎಲುಬುಗಳಿಗೆ ಸ್ಕ್ರೂ ತಿರುಗಿಸಿ, ಎರಡು ಸರಳುಗಳಿಂದ ಬಿಗಿಯುವುದುಂಟು. ಇದು ಶ್ರೀಮಂತರ ಶೋಕಿಯಲ್ಲ. ಅಮೇರಿಕದ ಡಾ. ಪಾಲ್ ಹ್ಯಾರಿಂಗ್ಟನ್ 1962ರಲ್ಲಿ ವಿವರ ಪ್ರಕಟಿಸಿದ ಸರಳು ಹುಟ್ಟಿದ್ದೇ ಪೋಲಿಯೋದಿಂದ ಬೆನ್ನು ಸೊಟ್ಟಗಾದ ಮಕ್ಕಳಿಗಾಗಿ.

ನಮ್ಮ ಹುಡುಗನಿಗೆ ಅದು ಬೇಕಾದಾಗ ಊರಿನ ಗದ್ದೆ ಅಡವಿಗೆ ಹೋಗುತ್ತದೆ! 2017ರಲ್ಲಿ ಸರಕಾರ ಹೃದಯದ ಸ್ಟೆಂಟಿಗೂ ಕೃತಕ ಮೊಣಕಾಲಿಗೂ ದರದ ಮಿತಿ ಕಟ್ಟಿತು. ಆಗ ಬೆನ್ನಿನ ಸ್ಕ್ರೂವಿಗೆ ಕಟ್ಟಲಿಲ್ಲ. ಭಾರ ಹೊರುವವನ ಬೆನ್ನು ದಿಲ್ಲಿಗೆ ಕಾಣಲಿಲ್ಲವೇ?

ದಿಲ್ಲಿ ಇರಲಿ, ಗಲ್ಲಾಪೆಟ್ಟಿಗೆಯ ಮುಂದೆ ಕೂತವರ ಮಾತಾಡೋಣ. "ಹುಡುಗ ಮನೆಯವನಂತೆ" ಎನ್ನುತ್ತಾರೆ ಧಣಿಗಳು. ಹಾಗಾದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರೆಲ್ಲಿ? ಇ.ಎಸ್.ಐ.ಯಲ್ಲಿ ನಿಯಮದಂತೆ ವಂತಿಗೆ ತುಂಬಿದವನಿಗೆ ಆಪರೇಶನ್ನಿನ ಜೊತೆ ಸ್ಕ್ರೂ, ಸರಳಿನ ಖರ್ಚೂ ಅದರ ಲೆಕ್ಕಕ್ಕೇ ಸೇರುತ್ತದೆ. ಗಿರಣಿಯವರು ಈ ಹಕ್ಕನ್ನು ಬಲ್ಲರು, ಪರೇಲಿನ ಇ.ಎಸ್.ಐ. ಆಸ್ಪತ್ರೆ ಅವರ ಚಾಳುಗಳ ನಡುವೆಯೇ ಎದ್ದದ್ದು. 2019ರ ಜುಲೈಯಲ್ಲಿ ಮಾಲಕರ ವಂತಿಗೆಯನ್ನು ನೂರಕ್ಕೆ 3.25 ರೂಪಾಯಿಗೆ ಇಳಿಸಿದರು. ಅಂದರೆ 15,000 ಪಗಾರಕ್ಕೆ ತಿಂಗಳಿಗೆ 487 ರೂಪಾಯಿ 50 ಪೈಸೆ. ಇಷ್ಟನ್ನು ಉಳಿಸಲು ಇಪ್ಪತ್ತು ಮಂದಿ ದುಡಿಯುವಲ್ಲಿ ಒಂಬತ್ತೇ ಹೆಸರು ತೋರಿಸುತ್ತಾರೆ, ಹತ್ತಾದರೆ ಕಾಯದೆ ಹಿಡಿಯುತ್ತದೆಂದು!

ಈ ಪಗಾರದ ದಿನವೇ ಇ.ಎಸ್.ಐ. ನಂಬರು ಕೇಳಿ. ಕೊಡದಿದ್ದರೆ ನಾಲ್ವರು ಕೂಡಿ ಸಂಘದ ಕಚೇರಿಗೆ ಬನ್ನಿ. ಒಬ್ಬನೇ ಬಂದರೆ ಮರುದಿನ ಅವನ ಪೆಟ್ಟಿಗೆ ಬೀದಿಯಲ್ಲಿರುತ್ತದೆ.