ಬೆಯಾತಿ ಪಾವೊಲಿ: ಹೆಸರಿದ್ದ ಮಾತ್ರಕ್ಕೆ ಇತಿಹಾಸವೇ?

ಸಿಸಿಲಿ ದ್ವೀಪದ ಪಲೆರ್ಮೊ ಬಹು ಹಳೆಯ ಬಂದರು ನಗರ. ಗ್ರೀಕರು ಅದನ್ನು ಕರೆದ ‘ಪನೋರ್ಮೊಸ್’ ಎಂಬ ಹೆಸರಿನ ಅರ್ಥವೇ ‘ಎಲ್ಲವೂ ಬಂದರು’ ಎಂದು. ಆ ನಗರದ ಕಾಪೊ ಎಂಬ ಹಳೆಯ ಕೇರಿಯಲ್ಲಿ ‘ಬೆಯಾತಿ ಪಾವೊಲಿ ಚೌಕ’ ಎಂಬ ಚಿಕ್ಕ ಚೌಕವೊಂದಿದೆ. ಅಲ್ಲಿಯ ನೆಲದಡಿಯ ಗವಿಗಳಲ್ಲಿ ಹಿಂದೆ ಒಂದು ಗುಪ್ತಸಂಘ ರಾತ್ರಿಯ ಹೊತ್ತು ಸೇರುತ್ತಿತ್ತೆಂದು ಪ್ರತೀತಿ. ಮುಸುಕು ತೊಟ್ಟ ಅದರ ಸದಸ್ಯರು ಶ್ರೀಮಂತರ ಅನ್ಯಾಯಕ್ಕೆ ಸಿಕ್ಕ ಬಡವರ ದೂರುಗಳನ್ನು ವಿಚಾರಿಸಿ, ತೀರ್ಪು ಕೊಟ್ಟು, ದಂಡನೆಯನ್ನೂ ತಾವೇ ನೆರವೇರಿಸುತ್ತಿದ್ದರಂತೆ. ಹಗಲಿನಲ್ಲಿ ಅವರು ಪಾವೊಲಾ ಊರಿನ ಸಂತ ಫ್ರಾನ್ಸಿಸನ ಭಕ್ತರಂತೆ ನಡೆದುಕೊಳ್ಳುತ್ತಿದ್ದುದರಿಂದ ಸಂಘಕ್ಕೆ ಈ ಹೆಸರು ಬಂದಿತೆಂಬುದು ಒಂದು ವಿವರಣೆ.

ಈ ಸಂಘ ಇದ್ದಿತೆಂದು ನಿಸ್ಸಂದೇಹವಾಗಿ ಸ್ಥಾಪಿಸಬಲ್ಲ ಸಮಕಾಲೀನ ದಾಖಲೆ ಇಲ್ಲ. ಆದರೂ ಅದಕ್ಕೊಂದು ‘ಇತಿಹಾಸ’ ಇದೆ; ಆ ಇತಿಹಾಸಕ್ಕೆ ಪರಿಣಾಮಗಳೂ ಇವೆ. ಕಥೆಯೊಂದು ಹೀಗೆ ವಂಶಾವಳಿಯಾಗಿ ಬದಲಾಗುವಾಗ ಸಾಹಿತ್ಯದ ವಿದ್ಯಾರ್ಥಿ ಎಲ್ಲಿ ನಿಲ್ಲಬೇಕು ಎಂಬುದೇ ಈ ಲೇಖನದ ಪ್ರಶ್ನೆ.

ಮೊದಲು ಆಕರಗಳನ್ನು ನೋಡೋಣ. ಸಂಘದ ಬಗೆಗೆ ನಮಗೆ ದೊರೆಯುವ ಮುಖ್ಯ ಬರಹ ವಿಲ್ಲಬಿಯಾಂಕಾದ ಮಾರ್ಕ್ವಿಸ್ ಫ್ರಾಂಚೆಸ್ಕೊ ಮರಿಯ ಎಮನುಯೆಲೆಯದು. 1720ರಲ್ಲಿ ಹುಟ್ಟಿ 1802ರಲ್ಲಿ ತೀರಿಕೊಂಡ ಈತ ಪಲೆರ್ಮೊದ ದಿನಚರಿಕಾರ. ಸಂಘದವರೆಂದು ಆತ ಕೆಲವರನ್ನು ಹೆಸರಿಸುತ್ತಾನೆ. ಅದರ ಮೂಲವನ್ನು 12ನೆಯ ಶತಮಾನದ ವೆಂಡಿಕೋಸಿ ಎಂಬ ಪ್ರತೀಕಾರದ ಪಂಥದವರೆಗೆ ಒಯ್ಯುತ್ತಾನೆ. ಆದರೆ ಸಂಘದ ಪ್ರಾಬಲ್ಯ ಮುಗಿದುಹೋಯಿತೆನ್ನಲಾದ ಕಾಲದ ನಂತರ, ಹಿರಿಯರಿಂದ ಕೇಳಿದ್ದನ್ನು ಆಧರಿಸಿ ಬರೆದ ಬರಹ ಅದು. 19ನೆಯ ಶತಮಾನದಲ್ಲಿ ವಿಂಚೆಂಜೊ ಲಿನಾರೆಸ್ ಇದನ್ನೇ ಕಥೆಯಾಗಿಸಿದ. ಜಾನಪದ ವಿದ್ವಾಂಸ ಜುಸೆಪ್ಪೆ ಪಿತ್ರೆ ಜನರ ಬಾಯಲ್ಲಿ ಉಳಿದದ್ದನ್ನು ದಾಖಲಿಸಿದ.

ಈ ಎಲ್ಲವನ್ನೂ ಮನೆಮನೆಗೆ ಮುಟ್ಟಿಸಿದವನು ಲುಯಿಜಿ ನಾತೋಲಿ. ಅಧ್ಯಾಪಕನೂ ಸಿಸಿಲಿಯ ಇತಿಹಾಸದ ಅಭ್ಯಾಸಿಯೂ ಆಗಿದ್ದ ಈತ ವಿಲಿಯಂ ಗಾಲ್ಟ್ ಎಂಬ ಗುಪ್ತನಾಮದಿಂದ 1909ರ ಮೇ ತಿಂಗಳಿನಿಂದ 1910ರ ಜನವರಿಯವರೆಗೆ ‘ಜೊರ್ನಾಲೆ ದಿ ಸಿಚಿಲಿಯಾ’ ಪತ್ರಿಕೆಯಲ್ಲಿ 239 ಕಂತುಗಳಲ್ಲಿ ‘ಇ ಬೆಯಾತಿ ಪಾವೊಲಿ’ ಕಾದಂಬರಿಯನ್ನು ಪ್ರಕಟಿಸಿದ. ಕಥೆಯ ಕಾಲ 17ನೆಯ ಶತಮಾನದ ಕೊನೆ ಮತ್ತು 18ನೆಯ ಶತಮಾನದ ಆರಂಭ. ಅಂದರೆ ಸಿಸಿಲಿಯ ಸಿಂಹಾಸನ ಸ್ಪೇನಿನಿಂದ ಸವೋಯ್ ಮನೆತನಕ್ಕೂ ಅಲ್ಲಿಂದ ಆಸ್ಟ್ರಿಯಕ್ಕೂ ಕೈಬದಲಾದ ಕಾಲ. ಬೀದಿಗಳು, ಅರಮನೆಗಳು, ವೈಸರಾಯರು ಎಲ್ಲವೂ ನೈಜ. ಈ ನೈಜ ಚೌಕಟ್ಟಿನೊಳಗೆ ಕೂಡಿಸಿದ್ದರಿಂದ ಸಂಘವೂ ನೈಜವೆನಿಸಿತು. 1971ರಲ್ಲಿ ಕಾದಂಬರಿ ಮರುಮುದ್ರಣವಾದಾಗ ಉಂಬೆರ್ತೊ ಎಕೊ ಅದಕ್ಕೆ ಮುನ್ನುಡಿ ಬರೆದು, ಜನಪ್ರಿಯ ಕಾದಂಬರಿಯ ಹಿಂದಿನ ವಿಚಾರಧಾರೆಯನ್ನೇ ಚರ್ಚೆಗೆತ್ತಿಕೊಂಡನು.

ಇಲ್ಲಿಯವರೆಗೆ ಇದು ಸಾಹಿತ್ಯಚರಿತ್ರೆಯ ಒಂದು ಸ್ವಾರಸ್ಯಕರ ಅಧ್ಯಾಯ ಮಾತ್ರ. ಮುಂದಿನದು ಹಾಗಲ್ಲ. ಮಾಫಿಯಾದ ಸದಸ್ಯರು ತಮ್ಮ ಪೂರ್ವಜರೆಂದು ಈ ಸಂಘವನ್ನು ಹೇಳಿಕೊಳ್ಳತೊಡಗಿದರು. ಕತಾನಿಯಾದ ಮಾಫಿಯಾದಲ್ಲಿದ್ದು 1987ರಿಂದ ನ್ಯಾಯಾಧಿಕಾರಿಗಳಿಗೆ ಹೇಳಿಕೆ ನೀಡಿದ ಅಂತೊನಿನೊ ಕಾಲ್ದೆರೊನೆ, ತನ್ನ ದೀಕ್ಷೆಯ ಸಂದರ್ಭದಲ್ಲಿ ಬೆಯಾತಿ ಪಾವೊಲಿಯ ಹೆಸರನ್ನು ಎತ್ತಲಾಯಿತೆಂದು ನೆನೆದಿದ್ದಾನೆ. ಪಲೆರ್ಮೊದ ಸಾಲ್ವತೊರೆ ಕೊಂತೊರ್ನೊಗೆ ಇದ್ದ ಅಡ್ಡಹೆಸರು ‘ಕೊರಿಯೊಲಾನೊ ದೆಲ್ಲಾ ಫ್ಲೊರೆಸ್ತಾ’. ಅದು ನಾತೋಲಿಯ ಕಾದಂಬರಿಯ ಪಾತ್ರದ ಹೆಸರು. ಕಾದಂಬರಿಕಾರ ಕಟ್ಟಿದ ವ್ಯಕ್ತಿ ಹೀಗೆ ಪೊಲೀಸ್ ಕಡತವನ್ನು ಸೇರಿದ.

ಮಾಫಿಯಾಕ್ಕೆ ಈ ವಂಶಾವಳಿ ಏಕೆ ಬೇಕಾಯಿತು? ಅದರ ನಿಜವಾದ ಜನ್ಮವೃತ್ತಾಂತ ಅಷ್ಟೇನೂ ಭವ್ಯವಲ್ಲವಾದ್ದರಿಂದ. 1812ರಲ್ಲಿ ಸಿಸಿಲಿಯಲ್ಲಿ ಊಳಿಗಮಾನ್ಯ ಪದ್ಧತಿ ಕಾನೂನಿನ ಮಟ್ಟಿಗೆ ರದ್ದಾಯಿತು. ಆದರೆ ಭೂಮಿಗೆ, ನೀರಿಗೆ ರಕ್ಷಣೆ ಕೊಡಬಲ್ಲ ರಾಜ್ಯವ್ಯವಸ್ಥೆ ಬೆಳೆಯಲಿಲ್ಲ. ಪಲೆರ್ಮೊದ ಸುತ್ತಲಿನ ಕೊಂಕಾ ದೊರೊ ಬಯಲಿನ ನಿಂಬೆತೋಟಗಳ ಫಸಲು ಬಂದರಿನಿಂದ ಹಡಗೇರಿ ಹೊರದೇಶಗಳಿಗೆ ಹೋಗುತ್ತಿತ್ತು. ತೋಟದ ಕಾವಲು, ನೀರಿನ ಸರದಿ, ಸಾಗಣೆ ಈ ಮೂರರ ಮೇಲೂ ಬೆದರಿಕೆಯಿಂದ ಹಿಡಿತ ಸಾಧಿಸಿದವರು ಮಾಫಿಯಾದವರಾದರು. 1876ರಲ್ಲಿ ಸಿಸಿಲಿಯಲ್ಲಿ ವಿಚಾರಣೆ ನಡೆಸಿದ ಲೆಯೊಪೊಲ್ದೊ ಫ್ರಾಂಕೆತ್ತಿ ಅಲ್ಲಿ ಹಿಂಸೆಯನ್ನೇ ಒಂದು ಉದ್ಯಮವಾಗಿ ಕಂಡನು. ನಿಂಬೆತೋಟದ ಸುಲಿಗೆಗಾರನಿಗೆ, ಬಡವರ ಪರವಾಗಿ ಖಡ್ಗ ಹಿಡಿದ ಮುಸುಕಿನ ನ್ಯಾಯಾಧೀಶನ ಮೊಮ್ಮಗನೆನಿಸಿಕೊಳ್ಳುವುದು ಎಷ್ಟು ಲಾಭಕರ!

ವಿಪರ್ಯಾಸವೆಂದರೆ, ಪಲೆರ್ಮೊದಲ್ಲಿ ನಿಜವಾದ ಗುಪ್ತ ನ್ಯಾಯಪೀಠವೊಂದಿತ್ತು. ಅದು ಸ್ಪೇನಿನ ಇನ್‌ಕ್ವಿಸಿಷನ್. ಬಂದರಿಗೆ ಹತ್ತಿರದ ಸ್ತೇರಿ ಅರಮನೆ ಅದರ ಕೇಂದ್ರವಾಗಿತ್ತು. ಅದರ ‘ಫಮಿಲಿಯಾರಿ’ಗಳೆಂಬ ಸೇವಕರಿಗೆ ಸಾಮಾನ್ಯ ನ್ಯಾಯಾಲಯಗಳಿಂದ ವಿನಾಯಿತಿ ಇತ್ತು. ವೈಸರಾಯ್ ಕರಾಚೊಲೊ 1782ರಲ್ಲಿ ಅದನ್ನು ರದ್ದುಗೊಳಿಸಿದ. ಮರುವರ್ಷ ಅದರ ಕಡತಗಳನ್ನು ಸುಡಲಾಯಿತು. ಆದರೂ ಸಾಕ್ಷ್ಯ ಪೂರ್ತಿ ಅಳಿಯಲಿಲ್ಲ. ಸೆರೆಯಾಳುಗಳು ಕೋಣೆಯ ಗೋಡೆಗಳ ಮೇಲೆ ಬರೆದಿದ್ದ ಚಿತ್ರ, ಪ್ರಾರ್ಥನೆ, ಪದ್ಯಗಳನ್ನು 1906ರಲ್ಲಿ ಪಿತ್ರೆಯೇ ಬೆಳಕಿಗೆ ತಂದ. ಇದ್ದ ಸಂಸ್ಥೆ ತನ್ನ ದಾಖಲೆ ಸುಟ್ಟುಹೋದ ಮೇಲೂ ಗೋಡೆಯ ಮೇಲೆ ಗುರುತು ಉಳಿಸಿದೆ. ಸಂದೇಹದ ಸಂಸ್ಥೆಗೆ ಗವಿ, ಚೌಕ, ಕಾದಂಬರಿ ಎಲ್ಲ ಇದ್ದೂ ಅಂಥ ಒಂದು ಗುರುತಿಲ್ಲ.

ಇಂಥ ಗೊಂದಲವನ್ನು ಬಿಡಿಸಲು ಜೈನ ತರ್ಕದಲ್ಲಿ ಒಂದು ಉಪಕರಣವಿದೆ. ತತ್ತ್ವಾರ್ಥಸೂತ್ರದ ಮೊದಲ ಅಧ್ಯಾಯ ನಾಮ, ಸ್ಥಾಪನಾ, ದ್ರವ್ಯ, ಭಾವ ಎಂಬ ನಾಲ್ಕು ನಿಕ್ಷೇಪಗಳನ್ನು ಹೇಳುತ್ತದೆ. ಪದವೊಂದನ್ನು ಯಾವ ನೆಲೆಯಲ್ಲಿ ಬಳಸುತ್ತಿದ್ದೇವೆಂದು ಮೊದಲೇ ಗೊತ್ತುಮಾಡಿಕೊಳ್ಳುವ ಕ್ರಮವದು. ಇಂದ್ರನೆಂದು ಹೆಸರಿಟ್ಟ ಮಾತ್ರಕ್ಕೆ ಹುಡುಗ ದೇವೇಂದ್ರನಾಗಲಾರ, ಅದು ನಾಮ. ಮರದಲ್ಲಿ, ಚಿತ್ರದಲ್ಲಿ ‘ಇದೇ ಅದು’ ಎಂದು ಆರೋಪಿಸಿದ್ದು ಸ್ಥಾಪನೆ. ಹಿಂದೆ ಆಗಿದ್ದುದನ್ನೋ ಮುಂದೆ ಆಗಲಿರುವುದನ್ನೋ ಆ ಹೆಸರಿನಿಂದ ಕರೆಯುವುದು ದ್ರವ್ಯ, ಯುವರಾಜನನ್ನು ರಾಜನೆಂದಂತೆ. ಸದ್ಯ ಆ ಸ್ಥಿತಿಯಲ್ಲೇ ಇರುವುದು ಭಾವ.

ಕಾಪೊ ಕೇರಿಯ ಚೌಕ ನಾಮ. ನಾತೋಲಿಯ ಕಾದಂಬರಿ ಸ್ಥಾಪನೆ. ವಿಲ್ಲಬಿಯಾಂಕಾ ಹೇಳುವ ‘ಹಿಂದೆ ಇದ್ದರು’ ಎಂಬ ಮಾತು ದ್ರವ್ಯದ ನೆಲೆಯದು. ಅದು ಇನ್ನೂ ಸಿದ್ಧವಾಗಿಲ್ಲ. ‘ಆ ಧೀರರು ನಾವೇ’ ಎಂಬ ಮಾಫಿಯಾದ ಮಾತು ಭಾವದ ಹಕ್ಕೊತ್ತಾಯ; ಅದಕ್ಕೆ ಆಧಾರವೇ ಇಲ್ಲ. ಮೊದಲೆರಡನ್ನು ಒಪ್ಪಿಕೊಂಡವನು ಕೊನೆಯದನ್ನೂ ಒಪ್ಪಬೇಕಾಗಿಲ್ಲ.

‘ಎಲ್ಲವೂ ಒಂದೊಂದು ದೃಷ್ಟಿಕೋನ, ಅನೇಕಾಂತವಾದವೂ ಅದನ್ನೇ ಹೇಳುವುದಿಲ್ಲವೇ?’ ಎಂಬ ಮಾತು ತರಗತಿಗಳಲ್ಲಿಯೂ ವಿಚಾರಸಂಕಿರಣಗಳಲ್ಲಿಯೂ ಪದೇ ಪದೇ ಕೇಳಿಬರುತ್ತದೆ. ಹೇಳುವುದಿಲ್ಲ. ‘ಸ್ಯಾತ್’ ಎಂದರೆ ‘ಇರಬಹುದೇನೋ’ ಎಂಬ ಅನುಮಾನವಲ್ಲ. ‘ಒಂದು ನಿರ್ದಿಷ್ಟ ಅಪೇಕ್ಷೆಯಿಂದ’ ಎಂಬ ನಿಯಮ. ಅಪೇಕ್ಷೆಯನ್ನು ಹೇಳದೆ ಎಲ್ಲವನ್ನೂ ನಿಜವೆನ್ನುವುದು ಅನೇಕಾಂತವಲ್ಲ, ಆಲಸ್ಯ. ಜನರ ನ್ಯಾಯದ ಹಸಿವಿನ ಅಪೇಕ್ಷೆಯಿಂದ ಬೆಯಾತಿ ಪಾವೊಲಿ ಸತ್ಯ: ಬಡವನ ದೂರನ್ನು ಕೇಳುವ ಪೀಠವೇ ಇಲ್ಲದ ನಾಡು ಅದನ್ನು ಕಲ್ಪಿಸಿಕೊಂಡಿತು. ಕಾದಂಬರಿಯ ಬೆಲೆ ಇರುವುದು ಅಲ್ಲಿ. ಘಟನೆಯ ಅಪೇಕ್ಷೆಯಿಂದ ಅದು ಅಸಿದ್ಧ. ಎರಡನ್ನೂ ಬೇರೆ ಬೇರೆಯಾಗಿ ಹೇಳುವುದೇ ವಿದ್ವತ್ತು.

ಈ ವಿವೇಕ ಕೇವಲ ಶಾಸ್ತ್ರಚರ್ಚೆಯ ವಿಷಯವಲ್ಲ. ಪಲೆರ್ಮೊದ ಬಟ್ಟೆ ಉದ್ಯಮಿ ಲಿಬೆರೊ ಗ್ರಾಸ್ಸಿ ಮಾಫಿಯಾಕ್ಕೆ ಹಫ್ತಾ ಕೊಡುವುದಿಲ್ಲವೆಂದು ಬಹಿರಂಗವಾಗಿ ಹೇಳಿದ. 1991ರ ಆಗಸ್ಟ್ 29ರಂದು ಅವನನ್ನು ಗುಂಡಿಕ್ಕಿ ಕೊಲ್ಲಲಾಯಿತು. 1992ರಲ್ಲಿ ಎರಡು ತಿಂಗಳ ಅಂತರದಲ್ಲಿ ನ್ಯಾಯಾಧಿಕಾರಿಗಳಾದ ಜೊವಾನಿ ಫಾಲ್ಕೊನೆ ಮತ್ತು ಪಾವೊಲೊ ಬೊರ್ಸೆಲಿನೊ ಬಾಂಬಿಗೆ ಬಲಿಯಾದರು. ಇವರನ್ನು ಕೊಂದವರ ಸಂಘಟನೆಯೇ ತನ್ನನ್ನು ಬಡವರ ರಕ್ಷಕರ ಪರಂಪರೆಯೆಂದು ಬಣ್ಣಿಸಿಕೊಂಡಿತ್ತು. ಆ ಪರಂಪರೆಯನ್ನು ‘ಅದೂ ಒಂದು ಇತಿಹಾಸ’ ಎಂದು ಸುಮ್ಮನೆ ಬಿಟ್ಟರೆ, ಸತ್ತವರಿಗೆ ಎರಡನೆಯ ಬಾರಿ ಅನ್ಯಾಯವಾಗುತ್ತದೆ.

ನಾತೋಲಿಯನ್ನು ಇದಕ್ಕೆ ಹೊಣೆಯಾಗಿಸಲಾಗದು. ಅವನು ಬರೆದದ್ದು ಕಾದಂಬರಿ. ಅದನ್ನು ಪ್ರೀತಿಯಿಂದ ಓದೋಣ, ಕಾದಂಬರಿಯೆಂದೇ ಓದೋಣ. ಚೌಕದ ಹೆಸರೂ ಹಾಗೆಯೇ ಇರಲಿ. ಹೆಸರಿಗೂ ಇರವಿಗೂ ನಡುವಿನ ಅಂತರವನ್ನು ಕಾಯುವ ಕೆಲಸ ಮಾತ್ರ ನಮ್ಮದು.