ಏರುವುದಷ್ಟೇ ಗೊತ್ತಿರುವವರು

ಕುಮಾರ ಪರ್ವತಕ್ಕೆ ಹೋಗಿ ಬಂದೆ ಎನ್ನುವವರಲ್ಲಿ ಹೆಚ್ಚಿನವರು ಹೋದ ಕತೆಯನ್ನಷ್ಟೇ ಹೇಳುತ್ತಾರೆ. ಬಂದ ಕತೆ ಕೇಳಿ ನೋಡಿ, ಮಾತು ಮರೆಸುತ್ತಾರೆ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ಬೇರುಗಳ ಮೇಲೆ ಕೂತು ಕೂತು ಜಾರಿದ್ದು, ಗೆಳೆಯನ ಹೆಗಲಿಗೆ ಬಿದ್ದು ಕುಂಟಿದ್ದು, ಒಂದು ಗುಟುಕು ನೀರಿಗಾಗಿ ಗುರುತಿಲ್ಲದವರ ಮುಂದೆ ಕೈಯೊಡ್ಡಿದ್ದು ಯಾವುದೂ ಸ್ಟೇಟಸ್‌ಗೆ ಏರುವುದಿಲ್ಲ. ತುದಿಯಲ್ಲಿ ಎರಡೂ ಕೈ ಚಾಚಿ ನಿಂತ ಫೋಟೊ ಮಾತ್ರ ಏರುತ್ತದೆ. ಅದನ್ನು ನೋಡಿದ ಇನ್ನೊಬ್ಬ ಮುಂದಿನ ಶನಿವಾರಕ್ಕೆ ಸೀಟು ಹಿಡಿಯುತ್ತಾನೆ. ಹೀಗೆ ಒಂದು ತಲೆಮಾರು ಬೆಟ್ಟ ಹತ್ತುವುದನ್ನು ಮಾತ್ರ ಕಲಿತು, ಇಳಿಯುವುದನ್ನು ಬೇರೆ ಯಾರದೋ ತಲೆಗೆ ಕಟ್ಟಿ ನಿಶ್ಚಿಂತವಾಗಿದೆ. ಈ ನಿಶ್ಚಿಂತೆಗೆ ಸಾಹಸ ಎಂದು ಹೆಸರಿಡುವುದನ್ನು ಮೊದಲು ನಿಲ್ಲಿಸಬೇಕು. ಅದು ಶುದ್ಧ ಉಡಾಫೆ.

ಲೆಕ್ಕ ಕಷ್ಟದ್ದೇನಲ್ಲ. ಚಾರಣ ಶುರುವಾಗುವ ಕುಕ್ಕೆ ಸುಬ್ರಹ್ಮಣ್ಯ ಇರುವುದು ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಎತ್ತರದಲ್ಲಿ. ಶಿಖರದ ಎತ್ತರ 1,712 ಮೀಟರ್. ಅಂದರೆ ಸುಮಾರು 1,600 ಮೀಟರ್ ಏರು: ಮೈಸೂರಿನ ಚಾಮುಂಡಿ ಬೆಟ್ಟವನ್ನು ಬುಡದಿಂದ ಐದು ಸಲ ಹತ್ತಿದಷ್ಟು. ದಾರಿ ಒಂದು ಕಡೆಗೆ ಹದಿಮೂರು ಕಿಲೋಮೀಟರ್ ಆಸುಪಾಸು. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವೊಂದನ್ನು ಬೆಟ್ಟ ಹತ್ತುವವರು ಇಂದಿಗೂ ಬಳಸುತ್ತಾರೆ. ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಮತ್ತೊಂದು ಗಂಟೆ. ಆ ಲೆಕ್ಕದಲ್ಲಿ ತುದಿ ಮುಟ್ಟಲು ಐದು ಗಂಟೆಗೂ ಮೇಲೆ ಬೇಕು. ಅದೂ ಪಳಗಿದ ಕಾಲುಗಳಿಗೆ, ಎಲ್ಲೂ ಕೂರದೆ, ತಿನ್ನದೆ, ಫೋಟೊ ತೆಗೆಯದೆ. ವಾರವಿಡೀ ಕುರ್ಚಿಗೆ ಅಂಟಿಕೊಂಡಿರುವ ದೇಹಕ್ಕೆ ಏಳು ಗಂಟೆ ಹಿಡಿಯಿರಿ, ಇಳಿಯಲು ಐದು. ಒಟ್ಟು ಹನ್ನೆರಡಾಯಿತು. ಚಾರಣದ ಕಾಲವಾದ ಡಿಸೆಂಬರಿನಲ್ಲಿ ಇಲ್ಲಿ ಹಗಲಿರುವುದು ಹನ್ನೊಂದೂವರೆ ಗಂಟೆಗಿಂತಲೂ ತುಸು ಕಡಿಮೆ. ಮೂರನೇ ತರಗತಿಯ ಮಗು ಮಾಡಬಹುದಾದ ಈ ಕೂಡುವ ಕಳೆಯುವ ಲೆಕ್ಕವನ್ನು, ದಿನವಿಡೀ ಎಕ್ಸೆಲ್ ಶೀಟುಗಳ ಮುಂದೆ ಕೂರುವವರು ಮಾಡುವುದಿಲ್ಲ.

ಮಾಡುವುದೇನು? ಶುಕ್ರವಾರ ರಾತ್ರಿ ಆಫೀಸಿನಿಂದ ನೇರ ಟೆಂಪೊ ಟ್ರಾವೆಲರ್ ಹತ್ತುತ್ತಾರೆ. ಶಿರಾಡಿ ಘಾಟಿ ಇಳಿಯುವವರೆಗೂ ಅಂತ್ಯಾಕ್ಷರಿ. ಕಣ್ಣಿಗೆ ನಿದ್ದೆಯಿಲ್ಲ. ಕುಕ್ಕೆಗೆ ಬಂದು ಬಾಡಿಗೆ ಕೋಣೆಯಲ್ಲಿ ಹತ್ತು ಜನಕ್ಕೆ ಒಂದು ಬಚ್ಚಲು. ಸ್ನಾನ, ತಿಂಡಿ, ಕಾಫಿ, ಗುಂಪಿನ ಸೆಲ್ಫಿ ಎಲ್ಲ ಮುಗಿದು ಕಾಡಿನ ಅಂಚಿಗೆ ಬರುವಾಗ ಎಂಟೂವರೆ. ಕಾಲಿಗೆ ಹಿಂದಿನ ದಿನ ತಾನೇ ಡಬ್ಬಿಯಿಂದ ತೆಗೆದ ಶೂ. ಚೀಲದಲ್ಲಿ ಒಂದು ಲೀಟರ್ ನೀರು, ನಾಲ್ಕು ಪೊಟ್ಟಣ ಚಿಪ್ಸ್, ಒಂದು ಬ್ಲೂಟೂತ್ ಸ್ಪೀಕರ್. ಟಾರ್ಚ್ ಇಲ್ಲ. ಕೇಳಿದರೆ, "ಕತ್ತಲಾಗೋದ್ರೊಳಗೆ ಬಂದುಬಿಡ್ತೀವಿ" ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ಹೊರಟಿದ್ದೇ ಎಂಟೂವರೆಗೆ. ಹನ್ನೆರಡು ಗಂಟೆ ಸೇರಿಸಿ ನೋಡಿ, ಎಷ್ಟಾಯಿತು?

ಈ ಬೆಟ್ಟದ ದಾರಿ ಇರುವ ಕ್ರಮವನ್ನೇ ಇವರು ಗಮನಿಸಿರುವುದಿಲ್ಲ. ಕುಕ್ಕೆಯಿಂದ ಗಿರಿಗದ್ದೆಯ ಭಟ್ಟರ ಮನೆಯವರೆಗೆ ದಟ್ಟ ನಿತ್ಯಹರಿದ್ವರ್ಣದ ಕಾಡು. ಭೀಮನ ಕಲ್ಲು ಎಂಬ ದೊಡ್ಡ ಬಂಡೆ ಬಿಟ್ಟರೆ ಕಣ್ಣಿಗೆ ಗುರುತು ಸಿಗುವುದು ಕಡಿಮೆ. ಬೇರು, ಉರುಳುಕಲ್ಲು, ತರಗೆಲೆ ಇವೇ ಮೆಟ್ಟಿಲು. ಗಿರಿಗದ್ದೆಯ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ದಾಟಿದ ಮೇಲೆ ಮರ ಮುಗಿದು ಬೋಳು ಹುಲ್ಲುಗುಡ್ಡ ಶುರು. ಅಲ್ಲಿ ತಲೆಗೆ ನೆರಳಿಲ್ಲ, ನೀರನ್ನು ನಂಬುವ ಹಾಗಿಲ್ಲ. ಆಮೇಲೆ ಕಲ್ಲು ಮಂಟಪ, ಶೇಷ ಪರ್ವತ, ಒಂದು ತುಂಡು ಶೋಲಾ ಕಾಡು, ಕೊನೆಗೊಂದು ಬಂಡೆಯ ಏರು. ತಡವಾಗಿ ಹೊರಟವರಿಗೆ ನೆರಳಿಲ್ಲದ ಗುಡ್ಡ ಎದುರಾಗುವುದು ನಡುಹಗಲ ಸುಡುಬಿಸಿಲಿಗೆ. ಬೆಳಕೇ ಇಳಿಯದ ಕಾಡು ಎದುರಾಗುವುದು ಮರಳುವಾಗ, ಸಂಜೆ ಆರರ ಮೇಲೆ. ಬೇಗ ಹೊರಟವರಿಗೆ ಒಪ್ಪುವ ದಾರಿಯೇ ತಡವಾಗಿ ಹೊರಟವರಿಗೆ ಶಿಕ್ಷೆಯಾಗುತ್ತದೆ. ಅದರಲ್ಲಿ ಬೆಟ್ಟದ ತಪ್ಪೇನೂ ಇಲ್ಲ.

ಕಲ್ಲು ಮಂಟಪದ ಬಳಿ ಮಧ್ಯಾಹ್ನ ಅರ್ಧ ಗಂಟೆ ಕೂತು ನೋಡಿದರೆ ಸಾಕು, ಈ ಇಡೀ ರೋಗ ಕಣ್ಣಮುಂದೆಯೇ ಬಿಚ್ಚಿಕೊಳ್ಳುತ್ತದೆ. ಕಂಬಗಳ ನೆರಳಲ್ಲಿ ಗುಂಪೊಂದು ಅಡ್ಡಾಗಿದೆ. ಒಬ್ಬ ಮೀನಖಂಡ ಹಿಡಿದುಕೊಂಡು ಹಲ್ಲು ಕಚ್ಚಿ ಕೂತಿದ್ದಾನೆ. ಇನ್ನೊಬ್ಬಳು ಶೂ ಬಿಚ್ಚಿ ಹಿಮ್ಮಡಿಯ ಬೊಬ್ಬೆಗೆ ಕರವಸ್ತ್ರ ಸುತ್ತುತ್ತಿದ್ದಾಳೆ. ಬಾಟಲಿಗಳನ್ನು ಎತ್ತಿ ಎತ್ತಿ ನೋಡುತ್ತಿದ್ದಾರೆ. ಎಲ್ಲದರ ತಳದಲ್ಲೂ ಎರಡೆರಡು ಬೆರಳು ನೀರು. ಗಂಟೆ ಒಂದೂವರೆ. ಆಗ ಒಬ್ಬ ಧೀರ ಎದ್ದು ಮೇಲಕ್ಕೆ ಕೈ ತೋರಿಸುತ್ತಾನೆ: "ಮಗಾ, ಅಲ್ಲೇ ಕಾಣ್ತಿದೆ ಪೀಕು. ಇನ್ನೇನು ಬಂತು." ಎಲ್ಲರೂ ಏಳುತ್ತಾರೆ. ಅವನು ತೋರಿಸಿದ್ದು ಶೇಷ ಪರ್ವತವನ್ನು. ಅಲ್ಲಿಗೆ ಹೋದ ಮೇಲೆ ಕುಮಾರ ಪರ್ವತ ಆಚೆ ಕಾಣುತ್ತದೆ. ಏರಿದ್ದನ್ನು ಒಂದಷ್ಟು ಇಳಿದು, ಕಾಡು ಹೊಕ್ಕು, ಮತ್ತೆ ಹತ್ತಬೇಕು. ಕೆಳಗಿನಿಂದ ಬಂದ ಅರಣ್ಯ ಇಲಾಖೆಯ ವಾಚರ್ ಒಬ್ಬರು "ಇಲ್ಲಿಂದ ವಾಪಸ್ ಹೋಗಿ ಮಾರಾಯ್ರೆ, ಕತ್ತಲಾಗ್ತದೆ" ಎಂದರೆ ಸಿಗುವ ಉತ್ತರ, "ಇಷ್ಟು ದೂರ ಬಂದು, ಇಷ್ಟು ದುಡ್ಡು ಕೊಟ್ಟು, ವಾಪಸ್ ಹೋಗೋದಾ ಸಾರ್?"

ದುಡ್ಡು ಕೊಟ್ಟು! ರೋಗದ ಬೇರು ಇಲ್ಲಿದೆ. ಕೊಟ್ಟದ್ದು ಬಸ್ಸಿಗೆ, ಊಟಕ್ಕೆ, ಪ್ರವೇಶಕ್ಕೆ. ಮೊಣಕಾಲಿಗೆ ಯಾರೂ ದುಡ್ಡು ಕಟ್ಟಿಸಿಕೊಂಡಿಲ್ಲ. ಸೂರ್ಯನೂ ಕಟ್ಟಿಸಿಕೊಂಡಿಲ್ಲ. ಸಿನಿಮಾ ಟಿಕೆಟ್ ತೆಗೆದವನಿಗೆ ಕ್ಲೈಮ್ಯಾಕ್ಸ್ ನೋಡುವ ಹಕ್ಕಿದೆ, ನಿಜ. ಆ ಹಕ್ಕನ್ನು ಬೆಟ್ಟದ ಮೇಲೂ ಚಲಾಯಿಸುವವರಿಗೆ ಬುದ್ಧಿ ಹೇಳುವುದು ಸುಲಭವಲ್ಲ. ಯಾಕೆಂದರೆ ಅವರು ಹೆಚ್ಚಿನ ಸಲ ಬಚಾವಾಗಿಬಿಡುತ್ತಾರೆ. ಬಚಾವಾಗಿದ್ದನ್ನೇ ಸಾಮರ್ಥ್ಯ ಎಂದು ತಿಳಿದು ಮುಂದಿನ ಸಲ ಇನ್ನಿಬ್ಬರನ್ನು ಕರೆತರುತ್ತಾರೆ.

ಬಚಾವು ಮಾಡುವವರು ಯಾರೆಂದು ಎಂದಾದರೂ ಯೋಚಿಸಿದ್ದೀರಾ? ಶಿಖರದ ಹತ್ತಿರ ಯಾರಾದರೂ ಕಾಲು ಉಳುಕಿಸಿಕೊಂಡರೆ ಅಲ್ಲಿಗೆ ಆಂಬುಲೆನ್ಸ್ ಬರುವುದಿಲ್ಲ, ಜೀಪು ಬರುವುದಿಲ್ಲ. ಹೊತ್ತೇ ಇಳಿಸಬೇಕು. ಹೊರುವವರು ಕಡಿಮೆ ಸಂಬಳದ ವಾಚರುಗಳು, ಊರಿನ ಹುಡುಗರು. ದಿನವಿಡೀ ದುಡಿದು ಮನೆಯಲ್ಲಿ ಊಟಕ್ಕೆ ಕೂತವರನ್ನು ಎಬ್ಬಿಸಿ ಕಾಡಿಗೆ ಕಳಿಸಲಾಗುತ್ತದೆ. ಆನೆ, ಕಾಟಿ, ಕಾಳಿಂಗ ಇರುವ ಕಾಡು ಅದು. 1987ರಲ್ಲಿ ಅಭಯಾರಣ್ಯವಾದ ಪುಷ್ಪಗಿರಿ. ನಿಮ್ಮ ಒಂದು ಫೋಟೊಗಾಗಿ ಅವರು ರಾತ್ರಿ ಆ ಬೇರುಗಳ ಮೇಲೆ ಕಾಲಿಡಬೇಕು. ಮರುದಿನ ನೀವು ಬೆಂಗಳೂರಿಗೆ ಹೋಗಿ "ಥ್ರಿಲ್ಲಿಂಗ್ ಎಕ್ಸ್‌ಪೀರಿಯೆನ್ಸ್" ಎಂದು ಬರೆಯುತ್ತೀರಿ. ಹೊತ್ತವನ ಹೆಸರು ಕೇಳಿಕೊಂಡಿರುವುದಿಲ್ಲ.

ಭಟ್ಟರ ಮನೆಯ ವಿಷಯದಲ್ಲೂ ಇದೇ ಧೋರಣೆ. ವಾಹನ ಹೋಗದ ಆ ಜಾಗದಲ್ಲಿ ದಶಕಗಳಿಂದ ಚಾರಣಿಗರಿಗೆ ಅನ್ನ, ಸಾಂಬಾರು, ಮಜ್ಜಿಗೆ ಬಡಿಸಿಕೊಂಡು ಬಂದ ಮನೆ ಅದು. ಮುಂಚೆ ತಿಳಿಸದೆ ಇಪ್ಪತ್ತು ಜನ ನುಗ್ಗಿ, ಪಲ್ಯ ಯಾಕಿಲ್ಲ, ಬಿಸಿ ಯಾಕಿಲ್ಲ, ಫೋನ್ ಚಾರ್ಜ್ ಮಾಡಲು ಪಾಯಿಂಟ್ ಎಲ್ಲಿದೆ ಎಂದು ಕೇಳುವವರಿಗೆ ಹಸಿವಿನಷ್ಟೇ ನಾಚಿಕೆಯೂ ಇರಬೇಕಿತ್ತು.

ಕಸದ ಕತೆ ಬೇರೆಯದಲ್ಲ. ಅದೂ ಇಳಿಸದೇ ಬಿಟ್ಟದ್ದೇ. ತುಂಬಿದ ಬಾಟಲಿಯನ್ನು 1,712 ಮೀಟರಿಗೆ ಹೊತ್ತವನಿಗೆ ಖಾಲಿ ಬಾಟಲಿ ಕೆಳಗೆ ತರಲು ಭಾರವಾಗುತ್ತದೆ. ಚೆಕ್‌ಪೋಸ್ಟ್‌ನಲ್ಲಿ ಚೀಲ ಬಿಚ್ಚಿಸಿದರೆ ಮುಖ ಸಿಂಡರಿಸುತ್ತಾರೆ, ಮುಂದೆ ಹೋಗಿ ಪೊಟ್ಟಣವನ್ನು ಕಲ್ಲಿನ ಸಂದಿಗೆ ತುರುಕುತ್ತಾರೆ. ಕಣ್ಣಿಗೆ ಕಾಣದಿದ್ದರೆ ಆಯಿತಲ್ಲ! ಮಳೆಗಾಲಕ್ಕೆ ಅದು ಕಾಣಿಸಿಕೊಳ್ಳುತ್ತದೆ. ಈ ಬೆಟ್ಟದ ನೀರು ಕುಮಾರಧಾರೆಯಾಗಿ ಹರಿಯುತ್ತದೆ. ತಾರಕಾಸುರನನ್ನು ಕೊಂದ ಸುಬ್ರಹ್ಮಣ್ಯ ತನ್ನ ಆಯುಧ ತೊಳೆದ ಹೊಳೆ ಎಂದು ಭಕ್ತರು ನಂಬಿ ಮೀಯುವ ನೀರು ಅದು. ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರುತ್ತದೆ. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಕಟ್ಟಿ ಮಂಗಳೂರಿಗೆ ಕುಡಿಯುವ ನೀರು ಕೊಡುತ್ತಾರೆ. ನೀವು ತುದಿಯಲ್ಲಿ ತುರುಕಿದ್ದು ಒಂದು ನಗರದ ನಲ್ಲಿಯತ್ತ ಹೊರಟಿದೆ. ದೇವರ ಬೆಟ್ಟ ಎಂದು ಶಿಖರದ ಕಲ್ಲಿಗೆ ಕೈ ಮುಗಿದು, ಅದೇ ಕೈಯಲ್ಲಿ ದೇವರ ಹೊಳೆಗೆ ಪ್ಲಾಸ್ಟಿಕ್ ಬಿಡುವ ಭಕ್ತಿ ಯಾವ ಜಾತಿಯದೋ!

2024ರ ಗಣರಾಜ್ಯೋತ್ಸವದ ರಜೆ ನೆನಪಿಸಿಕೊಳ್ಳಿ. ಸಾಲು ಸಾಲು ರಜೆ ಸಿಕ್ಕಿತೆಂದು ಜನ ಕುಮಾರ ಪರ್ವತಕ್ಕೆ ಜಾತ್ರೆಯಂತೆ ನುಗ್ಗಿದರು. ಕಾಲಿಡಲು ಜಾಗವಿಲ್ಲದೆ ನಿಂತ ಆ ಸಾಲಿನ ವಿಡಿಯೊ ರಾಜ್ಯವಿಡೀ ಹರಿದಾಡಿತು. ಅರಣ್ಯ ಸಚಿವ ಈಶ್ವರ ಖಂಡ್ರೆ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣ ತಾಣಗಳನ್ನು ಮುಚ್ಚಿಸಿದರು. ಆಮೇಲೆ ದಿನಕ್ಕೆ 300 ಜನರ ಮಿತಿ ಬಂತು. ಆಗ ಎದ್ದ ಗೊಣಗಾಟವನ್ನು ಕೇಳಬೇಕಿತ್ತು: ಸರ್ಕಾರ ಪ್ರಕೃತಿಯನ್ನು ಬೀಗ ಹಾಕಿ ಇಡುತ್ತಿದೆಯಂತೆ! ಬೀಗ ಹಾಕುವಂತೆ ಮಾಡಿದವರು ಯಾರು? ಸುಮ್ಮನೆ ನಾಲ್ಕು ಜನ ಹೋಗಿ ಬರುತ್ತಿದ್ದ ಕಾಲದಲ್ಲಿ ಯಾರೂ ಮಿತಿಯ ಮಾತೆತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತು ಇಂಥವರಿಗೇ ಇರುವುದು.

ಹಾಗೆಂದು ಮಿತಿ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದು ಇಲಾಖೆಯೂ ಕೈ ತೊಳೆದುಕೊಳ್ಳಬಾರದು. ಬುಕಿಂಗ್ ವ್ಯವಸ್ಥೆ ತಲೆ ಎಣಿಸುತ್ತದೆ, ತಯಾರಿ ಎಣಿಸುವುದಿಲ್ಲ. ಗಿರಿಗದ್ದೆಯಲ್ಲಿ ಪ್ಲಾಸ್ಟಿಕ್ ಹುಡುಕುವಷ್ಟೇ ಕಟ್ಟುನಿಟ್ಟಾಗಿ ನೀರಿನ ಬಾಟಲಿ, ಟಾರ್ಚ್, ಕೈಗಡಿಯಾರವನ್ನೂ ನೋಡಿ, ತಡವಾಗಿ ಬಂದವರನ್ನು ಮುಲಾಜಿಲ್ಲದೆ ವಾಪಸ್ ಕಳಿಸಬೇಕು.

ಚಾರಣದ ಹೆಸರಲ್ಲಿ ಅಂಗಡಿ ತೆರೆದವರಿಗೂ ಎರಡು ಮಾತು ಹೇಳಬೇಕಿದೆ. "ಮೊದಲ ಸಲದವರಿಗೂ ಸೂಕ್ತ" ಎಂದು ಈ ಬೆಟ್ಟಕ್ಕೆ ಜಾಹೀರಾತು ಕೊಡುವುದು ಹಸಿ ಸುಳ್ಳು. ಸೀಟು ತುಂಬಿಸುವ ಮೊದಲು ಬರುವವರನ್ನು ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಕೊನೆಯವನು ಒಂದು ಕಿಲೋಮೀಟರ್ ಹಿಂದೆ ಒಬ್ಬನೇ ತೆವಳುತ್ತಿರುವಾಗ ಗೈಡು ಮುಂದೆ ನಿಂತು ರೀಲ್ಸ್ ಮಾಡುತ್ತಿರುತ್ತಾನೆ. ಗುಂಪು ನಡೆಯಬೇಕಾದದ್ದು ಅತಿ ನಿಧಾನದವನ ವೇಗದಲ್ಲಿ. ಅದು ಗೊತ್ತಿಲ್ಲದವನು ಗೈಡಲ್ಲ, ದಾರಿ ಗೊತ್ತಿರುವ ಪ್ರಯಾಣಿಕ ಅಷ್ಟೆ.

ಇನ್ನು ಮಾಮೂಲಿ ಸಬೂಬುಗಳು. "ವಯಸ್ಸಿದೆ ಸಾರ್, ಆಗುತ್ತೆ." ವಯಸ್ಸು ಏರುವುದಕ್ಕೆ ದಮ್ಮು ಕೊಟ್ಟೀತು. ಐದು ಗಂಟೆ ಕಾಲ ಹೆಜ್ಜೆ ಹೆಜ್ಜೆಗೂ ಮೈಭಾರ ತಡೆದು ಇಳಿಸುವ ತೊಡೆ, ಮೊಣಕಾಲು ಬರುವುದು ಅಭ್ಯಾಸದಿಂದ. "ಮ್ಯಾಪ್ ಇದೆ." ಕಾಡಿನಲ್ಲಿ ಸಿಗ್ನಲ್ ಹೋದ ಮೇಲೆ, ಟಾರ್ಚ್ ಹಚ್ಚಿ ಹಚ್ಚಿ ಬ್ಯಾಟರಿ ಸತ್ತ ಮೇಲೆ, ಕೈಯಲ್ಲಿರುವುದು ಗಾಜಿನ ತುಂಡು. "ದೇವರಿದ್ದಾನೆ ಬಿಡಿ." ಇದ್ದಾನೆ. ನಿಮಗೆ ಎರಡು ಕಣ್ಣು, ಒಂದು ಗಡಿಯಾರ ಓದುವಷ್ಟು ಬುದ್ಧಿ ಕೊಟ್ಟು ತನ್ನ ಕೆಲಸ ಮುಗಿಸಿದ್ದಾನೆ.

ಮಾಡಬೇಕಾದದ್ದು ಹೆಚ್ಚೇನಿಲ್ಲ. ಹೋಗುವ ಮೊದಲು ಒಂದೆರಡು ತಿಂಗಳು ವಾರಕ್ಕೊಮ್ಮೆ ಚಾಮುಂಡಿಯ ಸಾವಿರ ಮೆಟ್ಟಿಲನ್ನೋ, ಸುಲ್ತಾನಪೇಟೆಯ ಕಡೆಯಿಂದ ನಂದಿಬೆಟ್ಟದ ಮೆಟ್ಟಿಲನ್ನೋ ಹತ್ತಿ, ಹತ್ತಿದಷ್ಟನ್ನೂ ಕಾಲಲ್ಲೇ ಇಳಿಯಿರಿ. ಮುನ್ನಾದಿನವೇ ಕುಕ್ಕೆ ತಲುಪಿ ನಿದ್ದೆ ಮಾಡಿ. ಬೆಳಕು ಹರಿಯುತ್ತಲೇ ಹೊರಡಿ. ತಲೆಗೊಂದು ಟೋಪಿ, ಮೂರು ಲೀಟರ್ ನೀರು, ಓಆರ್‌ಎಸ್ ಪೊಟ್ಟಣ, ಹಣೆಗೆ ಕಟ್ಟುವ ಟಾರ್ಚ್, ಪಳಗಿದ ಶೂ, ಕಸ ತರಲೊಂದು ಚೀಲ ಇರಲಿ. ಸ್ಪೀಕರ್ ಮನೆಯಲ್ಲಿರಲಿ. ಕತ್ತಲು ಬೀಳುವುದು ಆರಕ್ಕೆ. ಭಟ್ಟರ ಮನೆಯಿಂದ ಕೆಳಗಿನ ಕಾಡಿಗೆ ಎರಡು ಗಂಟೆ ಬೇಕು, ತುದಿಯಿಂದ ಭಟ್ಟರ ಮನೆಗೆ ಮೂರು. ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ಎಲ್ಲಿದ್ದೀರೋ ಅಲ್ಲೇ ನಿಮ್ಮ ಶಿಖರ. ಕಲ್ಲು ಮಂಟಪದಲ್ಲಿದ್ದರೂ ಅಷ್ಟೆ, ತುದಿಗೆ ನೂರು ಹೆಜ್ಜೆ ಬಾಕಿಯಿದ್ದರೂ ಅಷ್ಟೆ. ತಿರುಗಿ.

ಹಾಗೆ ತಿರುಗಲು ಮನಸ್ಸು ಒಪ್ಪದವರು ದಯವಿಟ್ಟು ಟಿಕೆಟ್ ಕೊಳ್ಳಬೇಡಿ. ದಿನಕ್ಕೆ ಇರುವುದು ಮುನ್ನೂರು ಜನರ ಜಾಗ. ಅದನ್ನು ಇಳಿಯಲು ಬಲ್ಲವರಿಗೆ ಬಿಡಿ.